ಬ್ಯಾಟರಿ ಸೈಕಲ್ಲೋ, ಬ್ಯಾಟರಿ ಮೊಪೆಡ್ಡೋ?

ಎರಡೂ ಬ್ಯಾಟರಿಯಿಂದಲೇ ಓಡುತ್ತವೆ. ಆದರೆ ನಿಮ್ಮ ದೇಹಕ್ಕೆ ಎರಡೂ ಒಂದೇ ಅಲ್ಲ. ಮೊಪೆಡ್‌ನಲ್ಲಿ ನೀವು ಸುಮ್ಮನೆ ಕುಳಿತಿರುತ್ತೀರಿ. ಪೆಡಲ್ ತುಳಿದಾಗ ಮಾತ್ರ ಮೋಟಾರ್ ನೆರವಾಗುವ ಸೈಕಲ್‌ನಲ್ಲಿ ಕಾಲಿನ ಸ್ನಾಯುಗಳು ದುಡಿಯುತ್ತವೆ, ಹೃದಯದ ಬಡಿತ ಏರುತ್ತದೆ, ರಕ್ತದಲ್ಲಿನ ಸಕ್ಕರೆ ಬಳಕೆಯಾಗುತ್ತದೆ.

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೆಲಸಕ್ಕೆ ಹೋಗಿಬರುವಾಗ ದಿನಕ್ಕೆ ಅರ್ಧ ಗಂಟೆ ತುಳಿದರೆ ಐದೇ ದಿನದಲ್ಲಿ ಅಷ್ಟಾಯಿತು. ಪೆಡಲ್ ಮುಟ್ಟದೆ ಆಕ್ಸಿಲರೇಟರ್ ತಿರುಗಿಸುತ್ತಲೇ ಹೋದರೆ ಮಾತ್ರ ಸೈಕಲ್ಲೂ ಮೊಪೆಡ್ಡೇ!

ಮಂಡಿನೋವು ತೀವ್ರವಾಗಿದ್ದರೆ, ದಾರಿ ಬಹಳ ದೂರವಿದ್ದರೆ ಮೊಪೆಡ್ಡೇ ಸರಿ. ಆಗ ವ್ಯಾಯಾಮಕ್ಕೆ ಬೇರೆ ಸಮಯ ಮೀಸಲಿಡಿ. ಹೃದ್ರೋಗವಿರುವವರು ವೈದ್ಯರನ್ನು ಕೇಳಿಯೇ ಪೆಡಲ್ ತುಳಿಯಬೇಕು. ಯಾವುದನ್ನೇ ಕೊಂಡರೂ ಹೆಲ್ಮೆಟ್ ಮರೆಯಬೇಡಿ.