‘ಇಷ್ಟು ವೇಸ್ಟ್ ಆಗೇ ಆಗುತ್ತೆ ಸರ್’: ಮನೆ ಕಟ್ಟುವಾಗಿನ ಕಸಕ್ಕೂ ಒಂದು ಲೆಕ್ಕ ಬೇಕು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬೆಂಗಳೂರಲ್ಲಿ ಮನೆ ಕಟ್ಟಿಸಿದವರು ಒಂದಲ್ಲ ಒಂದು ದಿನ ಮೇಸ್ತ್ರಿ ಬಾಯಲ್ಲಿ ಈ ಮಾತು ಕೇಳೇ ಇರ್ತೀರಿ: "ಇಷ್ಟು ವೇಸ್ಟ್ ಆಗೇ ಆಗುತ್ತೆ ಸರ್." ಕಂಬಿ ತುಂಡು ಉಳಿದ್ರೂ ಇದೇ ಮಾತು, ಟೈಲ್ಸ್ ಒಡೆದ್ರೂ ಇದೇ ಮಾತು, ಸಿಮೆಂಟ್ ಮೂಟೆ ಕಲ್ಲಾದ್ರೂ ಇದೇ ಮಾತು. ಇವತ್ತು ನಾನು ಕೇಳೋಕೆ ಹೊರಟಿರೋ ಪ್ರಶ್ನೆ ಇಷ್ಟೇ: ಅದರಲ್ಲಿ ಎಷ್ಟು ನಿಜವಾಗ್ಲೂ ಆಗಲೇಬೇಕು? ಉಳಿದಿದ್ದಕ್ಕೆ ದುಡ್ಡು ಕೊಡ್ತಿರೋರು ಯಾರು?

ನಾನು ಎಂಜಿನಿಯರ್ ಅಲ್ಲ, ಓದಿದ್ದು ಬಿ.ಕಾಂ. ಕಾಸ್ಟ್ ಅಕೌಂಟಿಂಗ್ ಪೇಪರ್‌ನಲ್ಲಿ ನಷ್ಟವನ್ನ ಎರಡು ಥರ ಬರೀತಾರೆ. ಮರ ಕೊಯ್ದ್ರೆ ಹೊಟ್ಟು ಬಿದ್ದೇ ಬೀಳುತ್ತೆ, ಅದು ನಾರ್ಮಲ್ ಲಾಸ್. ಅದನ್ನ ಮಾಲಿನ ಬೆಲೆಯಲ್ಲೇ ಸೇರಿಸಿಬಿಡ್ತಾರೆ. ಮಳೆಗೆ ನೆನೆದು ಮರ ಕೊಳೆತ್ರೆ ಅದು ಅಬ್‌ನಾರ್ಮಲ್ ಲಾಸ್. ಅದನ್ನ ಬೇರೆ ತೆಗೆದು ತೋರಿಸ್ಬೇಕು, ಯಾಕಾಯ್ತು ಅಂತ ಕೇಳ್ಬೇಕು. ನಮ್ಮ ಮನೆ ಕಟ್ಟೋ ಜಾಗದಲ್ಲಿ ಆಗ್ತಿರೋ ಎಡವಟ್ಟು ಏನಂದ್ರೆ, ಅಲ್ಲಿ ಎರಡನೇ ಲೆಕ್ಕಾನೇ ಇಲ್ಲ. ಎಲ್ಲಾ ನಷ್ಟಾನೂ ‘ಆಗೇ ಆಗುತ್ತೆ’ ಖಾತೆಗೇ ಹೋಗುತ್ತೆ.

ಎಷ್ಟು ಕಸ, ಎಷ್ಟು ಟನ್?

ಕೇಂದ್ರ ಸರ್ಕಾರದ ಟೈಫ್ಯಾಕ್ ಸಂಸ್ಥೆಯ ಒಂದು ಹಳೇ ಅಂದಾಜಿದೆ, ಈಗಲೂ ಬಳಕೆಯಲ್ಲಿದೆ. ಹೊಸದಾಗಿ ಕಟ್ಟಿದ್ರೆ ಪ್ರತಿ ಚದರ ಮೀಟರ್‌ಗೆ 40ರಿಂದ 60 ಕೆ.ಜಿ. ಕಸ. ಹಳೇದನ್ನ ಒಡೆದ್ರೆ 300ರಿಂದ 500 ಕೆ.ಜಿ.

ಇದನ್ನ ನಮ್ಮ 30×40 ಸೈಟಿಗೆ ಹಾಕಿ ನೋಡೋಣ. ಸಾವಿರ ಚದರಡಿಯ ಹಳೇ ಮನೆ ಅಂದ್ರೆ ಸುಮಾರು 93 ಚದರ ಮೀಟರ್. ಒಡೆದ್ರೆ 28ರಿಂದ 46 ಟನ್. ಅದೇ ಜಾಗದಲ್ಲಿ ಅಂತಸ್ತಿಗೆ ಸಾವಿರ ಚದರಡಿಯಂತೆ ಮೂರು ಅಂತಸ್ತು ಕಟ್ಟಿದ್ರೆ ಇನ್ನೂ 11ರಿಂದ 17 ಟನ್. ಒಂದೇ ಸೈಟು, ಹೆಚ್ಚೂ ಕಡಿಮೆ 40ರಿಂದ 60 ಟನ್. ನಿಮ್ಮ ಬೀದಿಯಲ್ಲಿ ಈಗ ಎಷ್ಟು ಮನೆ ಒಡೀತಿದಾರೆ ಅಂತ ಎಣಿಸ್ಕೊಳ್ಳಿ.

ಇದರಲ್ಲಿ ಹೊಸ ಮನೆಯ ಕಸ ಇದ್ಯಲ್ಲ, ಅದಕ್ಕೆ ನಾವು ಮೂರು ಸಲ ದುಡ್ಡು ಕೊಡ್ತೀವಿ. ಮಾಲು ಕೊಳ್ಳೋವಾಗ ಒಂದು ಸಲ. ಅದನ್ನ ಮೂರನೇ ಮಹಡಿಗೆ ಹೊತ್ತು ಹಾಕೋ ಕೂಲಿ ಇನ್ನೊಂದು ಸಲ. ಕಸ ಅಂತ ಟ್ರ್ಯಾಕ್ಟರ್‌ಗೆ ತುಂಬಿಸಿ ಕಳಿಸೋವಾಗ ಮತ್ತೊಂದು ಸಲ. ಬಿಲ್‌ನಲ್ಲಿ ಕಾಣೋದು ಕೊನೇದು ಮಾತ್ರ.

ಟೈಲ್ಸ್ ಲೆಕ್ಕ

ಕಸ ಹುಟ್ಟೋದು ಎಷ್ಟೋ ಸಲ ಕಾಗದದ ಮೇಲೆ. ಒಂದು ಉದಾಹರಣೆ. ಎರಡಡಿ ಚೌಕದ ಟೈಲ್ಸ್ ತಗೊಳ್ಳಿ. 12 ಅಡಿ ಚೌಕದ ಕೋಣೆಗೆ ಸರಿಯಾಗಿ 36 ಬೇಕು, ಒಂದನ್ನೂ ಕೊಯ್ಯೋ ಹಾಗಿಲ್ಲ. ಕೋಣೆ 11 ಅಡಿ 4 ಇಂಚು ಚೌಕ ಇದ್ರೆ? ಕೋಣೆ ಚಿಕ್ಕದಾಯ್ತು, ಟೈಲ್ಸ್ ಮಾತ್ರ ಆಗಲೂ 36. ಯಾಕಂದ್ರೆ 25 ಪೂರ್ತಿ ಕೂತ್ಕೊಂಡು, ಅಂಚಿನ 11 ಟೈಲ್ಸ್‌ನ 16 ಇಂಚಿಗೆ ಕೊಯ್ಯಬೇಕು. ಎಂಟೆಂಟು ಇಂಚಿನ ಪಟ್ಟಿಗಳು ಉಳೀತವೆ, ಸಾಮಾನ್ಯವಾಗಿ ಮೂಟೆಗೆ ತುಂಬಿ ಆಚೆ ಹಾಕ್ತಾರೆ.

ಆದ್ರೆ ಅದೇ ಪಟ್ಟಿಯನ್ನ ಮಧ್ಯಕ್ಕೆ ಸೀಳಿದ್ರೆ ನಾಲ್ಕಿಂಚಿನ ಎರಡು ಸ್ಕರ್ಟಿಂಗ್ ತುಂಡು. ಎರಡಡಿ ಉದ್ದದ ಹತ್ತು ಪಟ್ಟಿಯಿಂದ 40 ಅಡಿ ಸ್ಕರ್ಟಿಂಗ್. ಆ ಕೋಣೆಯ ಸುತ್ತಳತೆಯಲ್ಲಿ ಮೂರಡಿ ಬಾಗಿಲು ಬಿಟ್ರೆ ಬೇಕಾಗೋದು ಸುಮಾರು 42 ಅಡಿ. ಅಂದ್ರೆ ಕಸ ಅಂದ್ಕೊಂಡಿದ್ದು ಸ್ಕರ್ಟಿಂಗ್‌ಗೆ ಹೆಚ್ಚೂ ಕಡಿಮೆ ಪೂರ್ತಿ ಸಾಕಾಯ್ತು. ಈ ಲೆಕ್ಕ ಟೈಲ್ಸ್ ಅಂಗಡಿಗೆ ಹೋಗೋಕೆ ಮುಂಚೆ ಹಾಕಿದ್ರೆ ಉಳಿತಾಯ. ಸ್ಕರ್ಟಿಂಗ್‌ಗೆ ಅಂತ ಬೇರೆ ಬಾಕ್ಸ್ ತಂದ ಮೇಲೆ ಹಾಕಿದ್ರೆ ಬರೀ ಹೊಟ್ಟೆಯುರಿ.

ಕಂಬಿ ಮತ್ತು ಸಿಮೆಂಟ್

ಕಂಬಿನೂ ಅಷ್ಟೇ. ಸಾಮಾನ್ಯವಾಗಿ 12 ಮೀಟರ್ ಉದ್ದದಲ್ಲಿ ಬರುತ್ತೆ. ನಿಮಗೆ 7 ಮೀಟರ್‌ದು ಹತ್ತು, 5 ಮೀಟರ್‌ದು ಹತ್ತು ಬೇಕು ಅಂದ್ಕೊಳ್ಳಿ. ಒಂದು ಕಂಬಿಯಿಂದ ಒಂದು ಏಳು, ಒಂದು ಐದು ಕೊಯ್ದ್ರೆ ಹತ್ತು ಕಂಬಿ ಸಾಕು, ಚೂರೂ ಉಳಿಯಲ್ಲ. ಇವತ್ತು ಏಳರದ್ದು ಕೊಯ್ದು, ಉಳಿದ ತುಂಡುಗಳನ್ನ ಮೂಲೆಗೆ ಎಸೆದು, ಮುಂದಿನ ವಾರ ಐದರದ್ದಕ್ಕೆ ಹೊಸ ಕಂಬಿ ಮುಟ್ಟಿದ್ರೆ ಇನ್ನೂ ಐದು ಕಂಬಿ ಬೇಕು. ಇದಕ್ಕೇ ಎಂಜಿನಿಯರ್‌ಗಳು ಬಾರ್ ಬೆಂಡಿಂಗ್ ಷೆಡ್ಯೂಲ್ ಅನ್ನೋ ಪಟ್ಟಿ ಮಾಡೋದು. ಕಂಬಿ ಆರ್ಡರ್ ಮಾಡೋಕೆ ಮುಂಚೆ ಅದನ್ನ ಕೇಳಿ ತಗೊಳ್ಳಿ. ಒಂದು ಎಚ್ಚರಿಕೆ: ಉಳಿತಾಯ ಅಂತ ಚಿಕ್ಕ ಚಿಕ್ಕ ತುಂಡು ಜೋಡಿಸೋದು, ಲ್ಯಾಪ್ ಕಡಿಮೆ ಮಾಡೋದು ಬೇಡವೇ ಬೇಡ.

ಸಿಮೆಂಟ್ ಮೂಟೆ ನೆಲಕ್ಕೆ, ಗೋಡೆಗೆ ತಾಗದ ಹಾಗೆ ಹಲಗೆ ಮೇಲಿರಲಿ. ಹತ್ತು ಮೂಟೆಗಿಂತ ಎತ್ತರ ಪೇರಿಸೋದು ಬೇಡ, ಮೊದಲು ಬಂದದ್ದು ಮೊದಲು ಖರ್ಚಾಗಲಿ. ಪ್ಲಾಸ್ಟರಿಂಗ್ ಮಾಡೋವಾಗ ಗೋಡೆ ಬುಡದಲ್ಲಿ ಶೀಟ್ ಹಾಸಿದ್ರೆ ಬಿದ್ದ ಗಾರೆ ಮಣ್ಣಾಗದೆ ತಕ್ಷಣ ವಾಪಸ್ ಗೋಡೆಗೆ ಹೋಗುತ್ತೆ. ಆದ್ರೆ ಊಟಕ್ಕೆ ಮುಂಚೆ ಕಲಸಿಟ್ಟು, ಗಟ್ಟಿಯಾದ ಗಾರೆಗೆ ಮತ್ತೆ ನೀರು ಹಾಕಿ ಬಳಸೋದು ಉಳಿತಾಯ ಅಲ್ಲ, ಗೋಡೆಗೆ ಮಾಡೋ ಮೋಸ. ಊಟಕ್ಕೆ ಮುಂಚೆ ಕಡಿಮೆ ಕಲಸಿ ಅನ್ನಿ, ಸಾಕು. ಸ್ವಿಚ್ ಬೋರ್ಡು, ನಲ್ಲಿ ಎಲ್ಲೆಲ್ಲಿ ಬರುತ್ತೆ ಅಂತ ಪ್ಲಾಸ್ಟರಿಂಗ್‌ಗೆ ಮುಂಚೆನೇ ತೀರ್ಮಾನ ಮಾಡಿ. ಮುಗಿದ ಗೋಡೆ ಕೊರೆದ್ರೆ ಕಸಾನೂ ಜಾಸ್ತಿ, ಕೂಲಿನೂ ಎರಡು ಸಲ.

ಆಚೆ ಹೋದ ಕಸ ಎಲ್ಲಿಗೆ ಹೋಗುತ್ತೆ?

ಇಷ್ಟು ಮಾಡಿದ್ರೂ ಒಂದಿಷ್ಟು ಉಳಿಯುತ್ತೆ. ಅದರ ದಾರಿ ನಿಮಗೆ ಗೊತ್ತು. ರಾತ್ರಿ ಟ್ರ್ಯಾಕ್ಟರ್ ಬರುತ್ತೆ, ಕೆರೆ ಅಂಚಿಗೋ, ಖಾಲಿ ಸೈಟಿಗೋ, ರಾಜಕಾಲುವೆ ಪಕ್ಕಕ್ಕೋ ಸುರಿದು ಹೋಗುತ್ತೆ. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರದ ಕಡೆ ಲೇಔಟ್‌ಗಳು ಮುಳುಗಿ, ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದಿದ್ದು ನೆನಪಿದೆಯಲ್ಲ? ಪ್ರವಾಹಕ್ಕೆ ಕಾರಣ ಒಂದೇ ಇರಲ್ಲ, ಒತ್ತುವರಿ ಇದೆ, ಹೂಳಿದೆ. ಆದ್ರೆ ಕಾಲುವೆಗೆ ಬೀಳೋ ಪ್ರತಿ ಲೋಡೂ ನೀರಿನ ಜಾಗ ತಿನ್ನುತ್ತೆ.

ಕಾನೂನು ಇಲ್ಲ ಅಂತಲ್ಲ. 2016ರ ನಿಯಮಗಳ ಪ್ರಕಾರವೇ ರಸ್ತೆಗೆ, ಚರಂಡಿಗೆ ಕಟ್ಟಡ ತ್ಯಾಜ್ಯ ಹಾಕೋ ಹಾಗಿರಲಿಲ್ಲ, ಮನೆ ಚಿಕ್ಕದಾದ್ರೂ ಸರಿ. ದಿನಕ್ಕೆ 20 ಟನ್ ಅಥವಾ ಒಂದು ಯೋಜನೆಗೆ ತಿಂಗಳಿಗೆ 300 ಟನ್ ದಾಟೋರು ನಾಲ್ಕು ಗುಡ್ಡೆ ಮಾಡ್ಬೇಕಿತ್ತು: ಕಾಂಕ್ರೀಟ್, ಮಣ್ಣು, ಕಂಬಿ-ಮರ-ಪ್ಲಾಸ್ಟಿಕ್, ಇಟ್ಟಿಗೆ-ಗಾರೆ. ಕೇಂದ್ರ 2025ರಲ್ಲಿ ಹೊರಡಿಸಿದ ಹೊಸ ನಿಯಮಗಳಿಗೆ ಜಾರಿಯ ದಿನ 2026ರ ಏಪ್ರಿಲ್ 1. 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳು ತಮ್ಮ ಕಸದ ಮರುಬಳಕೆಯ ಹೊಣೆಯನ್ನೂ ಹೊರಬೇಕು ಅನ್ನುತ್ತೆ ಅದು. 30×40 ಸೈಟಿನವರು ಆ ಲೆಕ್ಕಕ್ಕೆ ಬರೋದೇ ಇಲ್ಲ. ಅಲ್ಲಿ ಹೊಣೆ ಪೂರ್ತಿ ನಮ್ಮದೇ.

ಬೇರೆ ಬೇರೆ ಗುಡ್ಡೆ ಮಾಡೋದು ಬರೀ ಶಿಸ್ತಿಗಲ್ಲ. ಚಿಕ್ಕಜಾಲದ ಕಡೆ ಇರೋ ಥರದ ಘಟಕಗಳಲ್ಲಿ ಕಾಂಕ್ರೀಟ್ ಪುಡಿ ಮಾಡಿ ಜಲ್ಲಿ, ಮರಳು ತೆಗೀತಾರೆ. ದೆಹಲಿಯ ಬುರಾರಿಯಲ್ಲಿ 2009ರಿಂದಲೇ ಈ ಕೆಲಸ ನಡೀತಿದೆ. ಭಾರತೀಯ ಮಾನಕ ಐಎಸ್ 383 ಕೂಡ ಇದನ್ನ ಒಪ್ಪುತ್ತೆ. ಹಳೇ ಕಾಂಕ್ರೀಟ್‌ನಿಂದ ಬಂದ ಜಲ್ಲಿಯನ್ನ ಎಂ25ರವರೆಗಿನ ಆರ್‌ಸಿಸಿಯಲ್ಲಿ ಶೇ 20ರವರೆಗೆ, ಕಂಬಿ ಇಲ್ಲದ ಕಾಂಕ್ರೀಟ್‌ನಲ್ಲಿ ಶೇ 25ರವರೆಗೆ ಬಳಸಬಹುದು. ಆದ್ರೆ ಅದರೊಳಗೆ ಪಿಒಪಿ, ಪೇಂಟ್ ಡಬ್ಬ, ಪೈಪ್ ತುಂಡು ಬೆರೆತ್ರೆ ಮಾಲು ಕೆಟ್ಟಿತು. ಪಿಒಪಿಯಲ್ಲಿರೋ ಸಲ್ಫೇಟ್ ಕಾಂಕ್ರೀಟ್‌ಗೆ ಆಗಿಬರಲ್ಲ. ಬೇರೆ ಇಟ್ಟ ಕಂಬಿ ಗುಜರಿಗೆ ಹೋಗಿ ದುಡ್ಡಾಗುತ್ತೆ, ಇಟ್ಟಿಗೆ ಚೂರು ಬಾತ್‌ರೂಮಿನ ತಗ್ಗು ತುಂಬೋಕಾಗುತ್ತೆ. ಎಲ್ಲಾ ಕಲಸಿದ್ರೆ ಬರೀ ಲೋಡು.

ಕರಾರಿನಲ್ಲಿ ನಾಲ್ಕು ಸಾಲು

ಈಗ ಮತ್ತೆ ನನ್ನ ಬಿ.ಕಾಂಗೆ ಬರ್ತೀನಿ. ಲೇಬರ್ ಕಾಂಟ್ರಾಕ್ಟ್ ಕೊಟ್ರೆ ಮಾಲು ಓನರ್‌ದು, ಉಳಿಸಿದ್ರೆ ಮೇಸ್ತ್ರಿಗೆ ಲಾಭ ಇಲ್ಲ. ಮಾಲು ಸಮೇತ ಚದರಡಿ ರೇಟ್‌ಗೆ ಕೊಟ್ರೆ ಕಂಟ್ರಾಕ್ಟರ್ ವೇಸ್ಟನ್ನ ಮೊದಲೇ ರೇಟಲ್ಲಿ ಸೇರಿಸಿರ್ತಾರೆ. ಎರಡರಲ್ಲೂ ಕಸಕ್ಕೆ ಯಜಮಾನ ಇಲ್ಲ. ಅದಕ್ಕೇ ಕರಾರಿನಲ್ಲಿ ನಾಲ್ಕು ಸಾಲು ಬರೆಸಿ.

ಒಂದು, ಕಂಬಿಗೆ, ಟೈಲ್ಸಿಗೆ, ಬ್ಲಾಕಿಗೆ ಶೇಕಡಾ ಎಷ್ಟು ವೇಸ್ಟ್ ಒಪ್ಪಿಗೆ ಅನ್ನೋದು. ಎರಡು, ಅದಕ್ಕಿಂತ ಕಡಿಮೆ ಆದ್ರೆ ಉಳಿತಾಯದಲ್ಲಿ ಮೇಸ್ತ್ರಿಗೂ ಪಾಲು. ಮೂರು, ಕಸ ಬೇರೆ ಬೇರೆ ಇಡೋ ಜಾಗ, ಇಡೋರು ಯಾರು. ನಾಲ್ಕು, ಲೋಡ್ ಎಲ್ಲಿಗೆ ಹೋಯ್ತು ಅನ್ನೋದಕ್ಕೆ ಘಟಕದ ಅಥವಾ ಅಧಿಕೃತ ಸಂಗ್ರಹ ಜಾಗದ ರಸೀದಿ. ರಸೀದಿ ಇಲ್ಲದಿದ್ರೆ ಟ್ರ್ಯಾಕ್ಟರ್ ಬಾಡಿಗೆ ಇಲ್ಲ.

ಎರಡನೇ ಸಾಲನ್ನ ಬಿಡಬೇಡಿ. ತಪ್ಪಿಗೆ ದಂಡ ಮಾತ್ರ ಬರೆದ್ರೆ ಕಸ ಬಚ್ಚಿಟ್ಟು ಹೋಗುತ್ತೆ. ಉಳಿಸಿದ್ದಕ್ಕೆ ಪಾಲು ಬರೆದ್ರೆ ಮೇಸ್ತ್ರಿನೇ ತುಂಡು ಕಂಬಿ ಎಣಿಸ್ತಾರೆ. ಆಮೇಲೂ ಅವರು "ಇಷ್ಟು ಆಗೇ ಆಗುತ್ತೆ ಸರ್" ಅಂದ್ರೆ ನಂಬಿ, ಆಗ ಅದು ನಿಜವಾದ ನಾರ್ಮಲ್ ಲಾಸ್.

ಮನೆ ಕಟ್ಟಿಸೋಕೆ ಹೊರಟಿರೋ ಯಾರಾದ್ರೂ ನಿಮ್ಮ ಪರಿಚಯದಲ್ಲಿದ್ರೆ, ಅವರು ಪಾಯ ತೋಡೋ ಮುಂಚೆ ಈ ಸಂಚಿಕೆ ಕಳಿಸಿ.