ಓಡುತ್ತದೆ ಸರಿ, ನಿಲ್ಲುತ್ತದೆಯೇ?

ಪಿಯುಸಿ ಫಲಿತಾಂಶ ಬಂದು ಕಾಲೇಜಿನ ಅರ್ಜಿ ತುಂಬುವ ದಿನಗಳಲ್ಲೇ ಅನೇಕ ಮನೆಗಳಲ್ಲಿ ಇನ್ನೊಂದು ಅರ್ಜಿಯೂ ಸಲ್ಲಿಕೆಯಾಗುತ್ತದೆ. ಅದು ಬೈಕಿನ ಅರ್ಜಿ. ಜೆ.ಪಿ. ನಗರದ ಏಳನೇ ಫೇಸಿನಿಂದ ಎರಡು ಬಸ್ಸು ಬದಲಿಸಿ ಕಾಲೇಜು ಮುಟ್ಟುವ ಹುಡುಗನ ಕೋರಿಕೆಯನ್ನು ತಂದೆ ತಾಯಿ ಸುಲಭವಾಗಿ ತಳ್ಳಿಹಾಕಲಾರರು. ಹೊಸ ಬೈಕು ರಸ್ತೆಗಿಳಿಯುವ ಹೊತ್ತಿಗೆ ಬೆಲೆ ಲಕ್ಷ ರೂಪಾಯಿಯ ಆಸುಪಾಸಿಗೆ ಬಂದಿರುತ್ತದೆ. ಕೊನೆಗೆ ಇಬ್ಬರೂ ಒಪ್ಪುವ ರಾಜಿಸೂತ್ರವೆಂದರೆ ಸೆಕೆಂಡ್ ಹ್ಯಾಂಡ್ ಗಾಡಿ.

'ಸಿಂಗಲ್ ಓನರ್ ಸಾರ್, ಮನೆಯಿಂದ ಆಫೀಸಿಗೆ ಮಾತ್ರ ಓಡಿಸಿದ್ದು' ಎಂಬ ಮಾತು ಹಳೆಯ ಗಾಡಿಯ ವ್ಯಾಪಾರದಲ್ಲಿ ನಿತ್ಯಮಂತ್ರ. ಕೊಳ್ಳುವವರ ಪ್ರಶ್ನೆಗಳೂ ಅಷ್ಟೇ ನಿಶ್ಚಿತ. ಮಗ ಪಿಕಪ್ ಹೇಗಿದೆ ಎಂದು ಕೇಳುತ್ತಾನೆ, ಅಪ್ಪ ಮೈಲೇಜ್ ಎಷ್ಟು ಎಂದು ಕೇಳುತ್ತಾರೆ. ಬಣ್ಣ ಹೊಳೆಯುತ್ತಿದ್ದರೆ ಅರ್ಧ ವ್ಯಾಪಾರ ಕುದುರಿದಂತೆಯೇ. ಗಾಡಿ ಓಡುತ್ತದೆಯೇ ಎಂದು ಎಲ್ಲರೂ ನೋಡುತ್ತಾರೆ. ನಿಲ್ಲುತ್ತದೆಯೇ ಎಂದು ನೋಡುವವರು ಕಡಿಮೆ.

ಎಂಟು ಮೀಟರಿನ ಲೆಕ್ಕ

ಪ್ರೌಢಶಾಲೆಯಲ್ಲಿ ಕಲಿತ ಚಲನೆಯ ಸಮೀಕರಣಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಗಂಟೆಗೆ 40 ಕಿ.ಮೀ. ವೇಗದ ಬೈಕು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಎದುರಿಗೆ ಮಗುವೊಂದು ಓಡಿಬಂದುದನ್ನು ಕಂಡು, ಬ್ರೇಕಿನ ಮೇಲೆ ಕೈ ಕಾಲು ಬೀಳುವುದಕ್ಕೆ ಒಂದು ಸೆಕೆಂಡ್ ಬೇಕೆಂದುಕೊಂಡರೂ ಆ 11 ಮೀಟರ್ ಹೋಗಿಯೇ ಹೋಯಿತು. ಅನಂತರ, ಪ್ರತಿ ಸೆಕೆಂಡಿಗೆ 5 ಮೀಟರಿನಷ್ಟು ವೇಗ ತಗ್ಗಿಸಬಲ್ಲ ಒಳ್ಳೆಯ ಬ್ರೇಕಿದ್ದರೆ ಇನ್ನೂ 12 ಮೀಟರ್ ಸಾಗಿ ನಿಲ್ಲುತ್ತದೆ. ಒಟ್ಟು 23 ಮೀಟರ್. ಸವೆದ ಬ್ರೇಕು ಸೆಕೆಂಡಿಗೆ 3 ಮೀಟರ್ ಮಾತ್ರ ತಗ್ಗಿಸಿದರೆ ಅದೇ ಬೈಕಿಗೆ 31 ಮೀಟರಿಗೂ ಹೆಚ್ಚು ಬೇಕು. ನಡುವಿನ ಆ ಎಂಟು ಮೀಟರ್ ಎಂದರೆ ಒಂದು ಅಡ್ಡರಸ್ತೆಯ ಅಗಲ.

ವೇಗ 60ಕ್ಕೆ ಏರಿದರೆ ಈ ವ್ಯತ್ಯಾಸ 18 ಮೀಟರಿಗೂ ಹೆಚ್ಚಾಗುತ್ತದೆ. ವೇಗ ಒಂದೂವರೆ ಪಟ್ಟಾದರೆ ಚಲನಶಕ್ತಿ ಎರಡೂಕಾಲು ಪಟ್ಟಾಗುವುದೇ ಇದಕ್ಕೆ ಕಾರಣ.

ಬಸ್ಸು ಗಕ್ಕನೆ ನಿಂತಾಗ ನಿಂತಿರುವ ಪ್ರಯಾಣಿಕರೆಲ್ಲ ಮುಂದಕ್ಕೆ ವಾಲುವುದನ್ನು ನೋಡಿದ್ದೀರಲ್ಲ. ಬೈಕಿನಲ್ಲೂ ಹಾಗೆಯೇ ಬ್ರೇಕ್ ಹಿಡಿದೊಡನೆ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಆದ್ದರಿಂದ ಗಾಡಿಯನ್ನು ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು. ಮುಂದಿನ ಬ್ರೇಕ್ ಹಿಡಿದರೆ ಬೀಳುತ್ತೇವೆ ಎಂಬ ಹೆದರಿಕೆಯಿಂದ ಅದನ್ನು ಮುಟ್ಟದೆ ಓಡಿಸಿದ ಗಾಡಿಗಳಲ್ಲಿ ಕೇಬಲ್ ತುಕ್ಕು ಹಿಡಿದು ಕುಳಿತಿರುವುದೂ ಉಂಟು.

ಹಗಲಿನಲ್ಲಿ ನೋಡಿ, ತಣ್ಣಗಿರುವಾಗ ನೋಡಿ

ಗಾಡಿ ನೋಡಲು ಸಂಜೆಗಿಂತ ಬೆಳಿಗ್ಗೆ ಹೋಗುವುದು ಮೇಲು. ಬೀದಿದೀಪದಲ್ಲಿ ಕಾಣದ ಗೀರು, ಬೆಸುಗೆ, ಎಣ್ಣೆಯ ಜಿನುಗು ಬಿಸಿಲಿನಲ್ಲಿ ಕಾಣುತ್ತವೆ. ಎಂಜಿನ್ನಿನ ಹತ್ತಿರ ಕೈ ಒಡ್ಡಿ ನೋಡಿ. ನೀವು ಹೋಗುವ ಮೊದಲೇ ಅದು ಬಿಸಿಯಾಗಿದ್ದರೆ, ತಣ್ಣಗಿರುವಾಗ ಸ್ಟಾರ್ಟ್ ಆಗಲು ಸತಾಯಿಸುವ ಗಾಡಿ ಇರಬಹುದು.

ಹತ್ತು ಹೆಜ್ಜೆ ಹಿಂದೆ ಸರಿದು ಎರಡೂ ಚಕ್ರ ಒಂದೇ ಗೆರೆಯಲ್ಲಿವೆಯೇ ಎಂದು ನೋಡಬೇಕು. ಹ್ಯಾಂಡಲ್ ನೇರವಿದ್ದಾಗ ಮುಂದಿನ ಚಕ್ರ ಓರೆಯಾಗಿದ್ದರೆ ಗಾಡಿ ಹಿಂದೆ ಎಲ್ಲೋ ಬಿದ್ದಿದೆ ಎಂದರ್ಥ. ಹ್ಯಾಂಡಲ್ಲಿನ ಕೆಳಗೆ, ಚಾಸಿಯ ಕತ್ತಿನ ಭಾಗದಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಅಥವಾ ಹೊಸ ಬೆಸುಗೆ ಕಂಡರೆ ಆ ಗಾಡಿಯ ಆಸೆ ಅಲ್ಲಿಗೇ ಬಿಡುವುದು ಒಳ್ಳೆಯದು. ಬೇರೆಲ್ಲ ರಿಪೇರಿಯಾಗುತ್ತದೆ, ಬಾಗಿದ ಚಾಸಿ ಮೊದಲಿನಂತಾಗುವುದು ಕಷ್ಟ.

ಡಿಸ್ಕ್ ಬ್ರೇಕ್ ಇದ್ದರೆ ಲಿವರ್ ಹಿಡಿದು ಅರ್ಧ ನಿಮಿಷ ಹಾಗೆಯೇ ಒತ್ತಿರಬೇಕು. ಅದು ಮೆಲ್ಲಗೆ ಒಳಗಿಳಿಯುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ. ಬ್ರೇಕ್ ಆಯಿಲಿಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ನೀರು ಸೇರಿದಷ್ಟೂ ಅದರ ಕುದಿಯುವ ಬಿಂದು ಇಳಿಯುತ್ತದೆ. ಬಿಸಿಯಲ್ಲಿ ಆವಿಯ ಗುಳ್ಳೆಗಳಾದರೆ ಲಿವರ್ ಒತ್ತಿದರೂ ಬ್ರೇಕ್ ಹಿಡಿಯದು. ಆದ್ದರಿಂದಲೇ ಸುಮಾರು ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಡ್ರಮ್ ಬ್ರೇಕಾದರೆ ಚಕ್ರದ ಬಳಿ ಒಂದು ಸಣ್ಣ ಬಾಣದ ಗುರುತಿರುತ್ತದೆ. ಬ್ರೇಕ್ ಒತ್ತಿದಾಗ ಬಾಣ ಅಲ್ಲಿನ ಕೊನೆಯ ಗೀಟು ಮುಟ್ಟಿದರೆ ಬ್ರೇಕ್ ಶೂ ಮುಗಿದಿದೆ.

ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ಅಲುಗಿಸಿದಾಗ ಹ್ಯಾಂಡಲ್ ಬುಡದಲ್ಲಿ 'ಟಕ್ ಟಕ್' ಎಂದರೆ ಕೋನ್‌ಸೆಟ್ ಸಡಿಲ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸುವಾಗ ನಟ್ಟನಡುವೆ ಕಚ್ಚಿ ನಿಂತರೆ ಅದು ಸವೆದಿದೆ. ಫೋರ್ಕಿನ ಮೇಲೆ ಎಣ್ಣೆಯ ಪಸೆ ಇದ್ದರೆ ಆಯಿಲ್ ಸೀಲ್ ಹೋಗಿದೆ. ಹಿಂದಿನ ಚಕ್ರವನ್ನು ಪಕ್ಕಕ್ಕೆ ಅಲುಗಿಸಿದಾಗ ಆಡಿದರೆ ಬೇರಿಂಗೋ ಸ್ವಿಂಗ್ ಆರ್ಮ್ ಬುಷ್ಷೋ ಕೆಟ್ಟಿದೆ. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಸಮೇತ ಬದಲಿಸಬೇಕು.

ರಬ್ಬರಿಗೂ ವಯಸ್ಸುಂಟು

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಮುದ್ರೆ ಇರುತ್ತದೆ. ಮೊದಲೆರಡು ಅಂಕಿ ವಾರ, ಉಳಿದೆರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. ಗೆರೆಗಳು ಚೆನ್ನಾಗಿದ್ದರೂ ಬಿಸಿಲಿಗೆ ಒಣಗಿ ಬಿರುಕು ಬಿಟ್ಟ ರಬ್ಬರು ರಸ್ತೆಯನ್ನು ಹಿಡಿಯುವುದಿಲ್ಲ. ನಿಯಮದ ಪ್ರಕಾರ ದ್ವಿಚಕ್ರ ವಾಹನದ ಟೈರಿನ ಗೆರೆ 0.8 ಮಿ.ಮೀ. ಆಳಕ್ಕಿಂತ ಕಡಿಮೆಯಾಗಬಾರದು. ಗೆರೆಗಳ ನಡುವೆ ಅಡ್ಡಲಾಗಿರುವ ಪುಟ್ಟ ದಿಬ್ಬಗಳು ಟೈರಿನ ಮೇಲ್ಮೈಗೆ ಸಮನಾದರೆ ಅದರ ಆಯುಸ್ಸು ತೀರಿತು. ಏಪ್ರಿಲ್, ಮೇ ತಿಂಗಳ ಮೊದಲ ಮಳೆಗೆ ರಸ್ತೆಯ ಎಣ್ಣೆ, ಧೂಳು, ಉದುರಿದ ಗುಲ್‌ಮೊಹರ್ ಹೂವು ಎಲ್ಲ ಸೇರಿ ಜಾರುಬಂಡೆಯಾಗುವ ಬೆಂಗಳೂರಿನಲ್ಲಿ ಈ ಮಾತು ಮರೆಯುವಂಥದಲ್ಲ.

ಹೊಗೆ ಹೇಳುವ ಕಥೆ

ಈಗ ಎಂಜಿನ್ನಿನ ಸರದಿ. ಬೆಳಗಿನ ಚಳಿಯಲ್ಲಿ ಮೊದಲೊಂದು ನಿಮಿಷ ಬರುವ ತೆಳು ಬಿಳಿ ಹೊಗೆ ಬರಿಯ ನೀರಾವಿ. ಫೋರ್ ಸ್ಟ್ರೋಕ್ ಬೈಕಿನಲ್ಲಿ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಕಪ್ಪು ಹೊಗೆಯಾದರೆ ಪೆಟ್ರೋಲ್ ಹೆಚ್ಚಾಗಿ, ಗಾಳಿ ಕಡಿಮೆಯಾಗಿ ಹೋಗುತ್ತಿದೆ.

ಹುಡುಗರಿಗೆ ಯಮಹಾ ಆರ್‌ಎಕ್ಸ್ 100 ಎಂದರೆ ಇಂದಿಗೂ ಹುಚ್ಚು. 1985ರಲ್ಲಿ ಬಂದ ಆ ಬೈಕಿನ ತಯಾರಿಕೆ 1996ರಲ್ಲೇ ನಿಂತಿತು. ಮೈಸೂರಿನಲ್ಲಿ ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ ವರ್ಷ. ಇವು ಟೂ ಸ್ಟ್ರೋಕ್ ಗಾಡಿಗಳು, ಪೆಟ್ರೋಲ್ ಜೊತೆ ಎಣ್ಣೆಯೂ ಉರಿಯುವುದರಿಂದ ಹೊಗೆ ಇದ್ದದ್ದೇ. ಓಟ ಚುರುಕು ನಿಜ, ಆದರೆ ನಿಲ್ಲಿಸಲು ಇರುವುದು ಹಳೆಯ ಡ್ರಮ್ ಬ್ರೇಕು. ಸಂಗ್ರಹಿಸುವ ಹವ್ಯಾಸಿಗೆ ಅವು ಸರಿ, ಓಡಿಸುವುದನ್ನು ಕಲಿಯುತ್ತಿರುವವನ ಮೊದಲ ಗಾಡಿಯಾಗಲು ತಕ್ಕವಲ್ಲ.

2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಎರಡೂ ಬ್ರೇಕು ಒಟ್ಟಿಗೆ ಹಿಡಿಯುವ ಸಿಬಿಎಸ್ ಅಥವಾ ಎಬಿಎಸ್ ಕಡ್ಡಾಯವಾಯಿತು. ಕೊಳ್ಳುವುದಾದರೆ ಆ ನಂತರದ ಗಾಡಿಯೇ ಮೇಲು. ಕೀಲಿ ತಿರುಗಿಸಿದಾಗ ಎಬಿಎಸ್ ದೀಪ ಹೊತ್ತಿಕೊಂಡು, ಗಾಡಿ ಸ್ವಲ್ಪ ಓಡಿದ ಮೇಲೆ ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತಿಕೊಳ್ಳಲೇ ಇಲ್ಲವೆಂದರೆ ದೋಷವನ್ನು ಮುಚ್ಚಿರಲೂಬಹುದು.

ಓಡಿಸಿ ನೋಡುವಾಗ ಲೈಸೆನ್ಸ್ ಇರುವ, ಅನುಭವವಿರುವ ಹಿರಿಯರೇ ಹ್ಯಾಂಡಲ್ ಹಿಡಿಯಲಿ. ಜೆ.ಪಿ. ನಗರದಲ್ಲಿ ಏರು ತಗ್ಗುಗಳಿಗೂ ಹಂಪುಗಳಿಗೂ ಬರವಿಲ್ಲ. ಏರಿನಲ್ಲಿ ಎಂಜಿನ್ ಕಿರುಚಿದರೂ ಗಾಡಿ ಮುಂದೆ ಸಾಗದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಹಂಪಿನ ಮೇಲೆ ಹತ್ತಿಸಿದಾಗ ಫೋರ್ಕ್ ಗುದ್ದುವುದು ತಿಳಿಯುತ್ತದೆ. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಸಾಗುತ್ತ ಬ್ರೇಕ್ ಹಿಡಿದಾಗ ಗಾಡಿ ಯಾವ ಪಕ್ಕಕ್ಕೂ ಎಳೆಯಬಾರದು.

ಹೆಸರು ಬದಲಾಗುವವರೆಗೆ ವ್ಯಾಪಾರ ಮುಗಿದಿಲ್ಲ

ಆರ್‌ಸಿಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಗಾಡಿಯ ಮೇಲಿನ ಅಂಕಿಗಳೊಂದಿಗೆ ಒಂದೊಂದಾಗಿ ತಾಳೆ ನೋಡಬೇಕು. ಉಜ್ಜಿದ ಗುರುತಿದ್ದರೆ ಮಾತು ಮುಂದುವರಿಸಬಾರದು. ಬ್ಯಾಂಕ್ ಸಾಲ ತೀರಿದ್ದರೆ ಫಾರಂ 35 ಸಲ್ಲಿಸಿ ಆರ್‌ಸಿಯಿಂದ ಸಾಲದ ನಮೂದನ್ನು ತೆಗೆಸಿರಬೇಕು. ಕೇಂದ್ರ ಸರ್ಕಾರದ ಪರಿವಾಹನ್ ತಾಣದಲ್ಲಿ ನೋಂದಣಿ, ವಿಮೆಗಳ ಅವಧಿಯೂ, ಸಂಚಾರ ಪೊಲೀಸರ ತಾಣದಲ್ಲಿ ಬಾಕಿ ದಂಡವೂ ತಿಳಿಯುತ್ತದೆ.

ಮಾರುವವರು, ಕೊಳ್ಳುವವರು ಇಬ್ಬರೂ ಫಾರಂ 29 ಮತ್ತು 30ಕ್ಕೆ ಸಹಿ ಹಾಕಬೇಕು. ಒಂದೇ ರಾಜ್ಯದೊಳಗಿನ ವ್ಯಾಪಾರವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಜಯನಗರ ಆರ್‌ಟಿಒದ ಕೆಎ 05 ಗಾಡಿಗೆ ಇಷ್ಟು ಸಾಕು. ಹೊಸೂರಿನಿಂದ ಬಂದ ಟಿಎನ್ 70 ಗಾಡಿ ಅಗ್ಗವೆನಿಸಬಹುದು. ಆದರೆ ಅದಕ್ಕೆ ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ತೆರಿಗೆ ಕಟ್ಟಿ, ಮತ್ತೆ ನೋಂದಾಯಿಸಬೇಕು.

'ಹೆಸರು ಆಮೇಲೆ ಬದಲಾಯಿಸಿಕೊಂಡರಾಯಿತು' ಎಂಬ ಉದಾಸೀನ ಎಷ್ಟು ದುಬಾರಿ ಎಂಬುದಕ್ಕೆ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಣ ಮೊಕದ್ದಮೆ ಸಾಕ್ಷಿ. ಅದರಲ್ಲಿ ಕಾರು ಕೈಯಿಂದ ಕೈಗೆ ಮಾರಾಟವಾಗಿದ್ದರೂ ದಾಖಲೆಯಲ್ಲಿ ಮೊದಲಿನವರ ಹೆಸರೇ ಉಳಿದಿತ್ತು. ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕರೇ ಹೊಣೆ ಎಂದು 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮನೆಯ ಹಳೆಯ ಸ್ಕೂಟರ್ ಮಾರುವ ಪಾಲಕರೂ ಗಮನಿಸಬೇಕಾದ ಸಂಗತಿ ಇದು.

ವಿಮೆಯಲ್ಲೂ ಒಂದು ಸೂಕ್ಷ್ಮವಿದೆ. ಮಾಲೀಕ ಚಾಲಕರಿಗೆ ಸಿಗುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಗಾಡಿ ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ. ಗಾಡಿ ಅಪ್ಪನ ಹೆಸರಿನಲ್ಲಿದ್ದು ಮಗ ಓಡಿಸುತ್ತಿದ್ದರೆ ಆ ರಕ್ಷಣೆ ಮಗನಿಗಿಲ್ಲ. ಅವನಿಗೆ ಬೇರೆ ವಿಮೆ ಮಾಡಿಸಬೇಕು.

ಇನ್ನು ವಯಸ್ಸಿನ ಮಾತು. ಗೇರ್ ಇರುವ ಬೈಕಿಗೆ 18 ತುಂಬಿರಲೇಬೇಕು. 2019ರ ತಿದ್ದುಪಡಿಯ ನಂತರ, ಅಪ್ರಾಪ್ತ ವಯಸ್ಕರು ಓಡಿಸಿ ಅಪರಾಧವಾದರೆ ಪಾಲಕರಿಗೆ ಅಥವಾ ಮಾಲೀಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ ಎರಡೂ ಆಗಬಹುದು. ಓಡಿಸಿದ ಹುಡುಗನಿಗೆ 25 ವರ್ಷ ತುಂಬುವವರೆಗೆ ಕಲಿಕಾ ಲೈಸೆನ್ಸ್ ಕೂಡ ಸಿಗದು.

ರಿಪೇರಿಯ ಸರದಿ

ನಲವತ್ತು ಸಾವಿರ ರೂಪಾಯಿ ಕೈಯಲ್ಲಿದೆ ಎಂದಿಟ್ಟುಕೊಳ್ಳಿ. ಅಷ್ಟನ್ನೂ ಗಾಡಿಗೇ ಸುರಿದರೆ ರಿಪೇರಿ 'ಮುಂದಿನ ತಿಂಗಳಿಗೆ' ಹೋಗುತ್ತದೆ. ಆ ತಿಂಗಳೆಲ್ಲ ಹುಡುಗ ಸವೆದ ಬ್ರೇಕಿನಲ್ಲೇ ಓಡಾಡುತ್ತಾನೆ. ಮೂವತ್ತೆರಡು ಸಾವಿರದ ಗಾಡಿ ಕೊಂಡು, ಐದರಲ್ಲೊಂದು ಪಾಲನ್ನು ರಿಪೇರಿಗೆ ಎತ್ತಿಡುವುದು ಜಾಣತನ.

ಖರ್ಚಿಗೂ ಒಂದು ಸರದಿ ಇರಲಿ. ಮೊದಲು ಬ್ರೇಕ್ ಶೂ, ಪ್ಯಾಡ್, ಕೇಬಲ್, ಬ್ರೇಕ್ ಆಯಿಲ್. ಎರಡನೆಯದು ಟೈರು, ಟ್ಯೂಬು, ಚಕ್ರದ ಬೇರಿಂಗ್. ಮೂರನೆಯದು ಕೋನ್‌ಸೆಟ್, ಫೋರ್ಕ್ ಸೀಲ್, ಚೈನ್ ಸ್ಪ್ರಾಕೆಟ್. ನಾಲ್ಕನೆಯದು ಹೆಡ್‌ಲೈಟ್, ಬ್ರೇಕ್ ಲೈಟ್, ಇಂಡಿಕೇಟರ್, ಹಾರ್ನ್, ಎರಡೂ ಕನ್ನಡಿ. ಐದನೆಯದು ಎಂಜಿನ್ ಆಯಿಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್. ಸ್ಟಿಕ್ಕರು, ಬಣ್ಣ, ಸದ್ದಿನ ಸೈಲೆನ್ಸರುಗಳಿಗೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ.

ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಒಂದೇ ಸಾಮಾನು ಮೂರು ಬೆಲೆಗೆ ಸಿಗುವುದುಂಟು. ಕನ್ನಡಿ, ಇಂಡಿಕೇಟರುಗಳಲ್ಲಿ ಚೌಕಾಸಿ ಮಾಡಬಹುದು, ಬ್ರೇಕಿನ ಭಾಗಗಳಲ್ಲಿ ಕೂಡದು. ಕಂಪನಿಯ ಸಾಮಾನನ್ನೇ ಬಿಲ್ಲಿನೊಂದಿಗೆ ಕೊಂಡು, ಕಳಚಿದ ಹಳೆಯ ಭಾಗವನ್ನು ಮೆಕ್ಯಾನಿಕ್ಕಿನಿಂದ ಕೇಳಿ ಪಡೆಯಬೇಕು. ಸವೆದ ಬ್ರೇಕ್ ಶೂ ಕೈಯಲ್ಲಿ ಹಿಡಿದು ನೋಡಿದ ಹುಡುಗನಿಗೆ ಬ್ರೇಕಿನ ಬೆಲೆ ತಾನಾಗಿ ತಿಳಿಯುತ್ತದೆ.

ಕೊನೆಯದಾಗಿ, ಬಜೆಟ್ಟಿನಲ್ಲಿ ಐಎಸ್‌ಐ ಗುರುತಿನ ಎರಡು ಹೆಲ್ಮೆಟ್ಟುಗಳೂ ಸೇರಲಿ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಅದು ಕಡ್ಡಾಯ. ಹೆಲ್ಮೆಟ್ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡ. ಒಮ್ಮೆ ಪೆಟ್ಟು ತಿಂದು ಒಳಗಿನ ಥರ್ಮೋಕೋಲ್ ಅದುಮಿದ್ದರೆ ಹೊರಗೆ ಏನೂ ಕಾಣುವುದಿಲ್ಲ, ಎರಡನೇ ಪೆಟ್ಟನ್ನು ಅದು ತಡೆಯುವುದೂ ಇಲ್ಲ.