ವಂಶ, ಆರೈಕೆ ಮತ್ತು ವಿದ್ಯೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಭಕ್ತರ ಮನೆಗಳಿಗೆ ನಾವು ಹೋದಾಗಲೆಲ್ಲ ಕೇಳಿಬರುವ ಮಾತೊಂದುಂಟು: "ಅಯ್ನೋರೇ, ಇವನಿಗೆ ಓದು ತಲೆಗೆ ಹತ್ತಲ್ಲ; ನಮ್ಮ ವಂಶದಾಗೇ ಯಾರಿಗೂ ಹತ್ತಿಲ್ಲ." ಹೊಸದುರ್ಗ ತಾಲ್ಲೂಕಿನ ಒಂದು ಮನೆಯಲ್ಲಿ ಹತ್ತು ವರ್ಷದ ಮೊಮ್ಮಗನ ಎದುರಿನಲ್ಲಿಯೇ ತಾತನವರು ಹೀಗೆಂದರು. ಹುಡುಗನು ತಲೆ ತಗ್ಗಿಸಿ ಹೊರನಡೆದನು. ತುಂಬು ಗರ್ಭಿಣಿಯಾದ ಅವನ ತಾಯಿ, ಎಲ್ಲರ ಊಟವಾದ ಮೇಲೆ, ಉಳಿದ ಮುದ್ದೆಯನ್ನು ತಿಳಿಸಾರಿನಲ್ಲಿ ಉಂಡಳು. ಆ ಮಾತಿಗೂ ಈ ಊಟಕ್ಕೂ ಇರುವ ಸಂಬಂಧವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ತಂದೆತಾಯಿಗಳಿಂದ ಮಗುವಿಗೆ ವಂಶವಾಹಿಗಳು ಬರುವುದು ನಿಜ. ಆದರೆ ಬಂದುದೆಲ್ಲವೂ ಕೆಲಸ ಮಾಡಲೇಬೇಕೆಂಬ ನಿಯಮವಿಲ್ಲ. ವಾಣಿವಿಲಾಸ ಸಾಗರ ತುಂಬಿದ್ದರೂ ತೂಬು ತೆರೆಯದೆ ಹಿರಿಯೂರಿನ ತೋಟಗಳಿಗೆ ನೀರು ಹರಿಯದು. ವಂಶವಾಹಿಗೂ ಅಂಥ ತೂಬುಗಳುಂಟು. ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪು ಅದಕ್ಕೆ ಅಂಟಿಕೊಂಡರೆ ಸಾಮಾನ್ಯವಾಗಿ ಅದರ ಕೆಲಸ ಕುಂದುತ್ತದೆ, ಕಳಚಿದರೆ ಚುರುಕಾಗುತ್ತದೆ. ಇದನ್ನು ಅಭ್ಯಸಿಸುವ ಶಾಸ್ತ್ರವೇ ಎಪಿಜೆನೆಟಿಕ್ಸ್. ಈ ಹೆಸರನ್ನು 1942ರಲ್ಲಿ ಬಳಕೆಗೆ ತಂದವರು ಬ್ರಿಟನ್ನಿನ ವಿಜ್ಞಾನಿ ವಾಡಿಂಗ್ಟನ್.

ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಮೈಕೇಲ್ ಮೀನಿ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗವು ಪ್ರಸಿದ್ಧವಾಗಿದೆ. ತಾಯಿ ಇಲಿಯು ಅಕ್ಕರೆಯಿಂದ ಹೆಚ್ಚಾಗಿ ನೆಕ್ಕಿ ಸಾಕಿದ ಮರಿಗಳ ಮಿದುಳಿನಲ್ಲಿ, ಭಯವನ್ನು ಹತೋಟಿಯಲ್ಲಿಡುವ ಒಂದು ವಂಶವಾಹಿಯ ತೂಬು ಹೆಚ್ಚು ತೆರೆದಿತ್ತು. ಅಕ್ಕರೆ ಕಡಿಮೆಯಾದ ತಾಯಿಯ ಮರಿಯನ್ನು ಹುಟ್ಟಿದೊಡನೆ ಅಕ್ಕರೆಯ ತಾಯಿಯ ಬಳಿ ಬಿಟ್ಟಾಗ ಅದರಲ್ಲಿಯೂ ಹಾಗೆಯೇ ಆಯಿತು. ಅಲ್ಲಿ ಕೆಲಸ ಮಾಡಿದ್ದು ಹೆತ್ತ ವಂಶವಲ್ಲ, ಸಾಕಿದ ರೀತಿ. ಬೆದರಿದ ಮನಸ್ಸಿಗೆ ಪಾಠ ಹತ್ತುವುದು ಕಷ್ಟವೆಂಬುದನ್ನು ಯಾವ ಉಪಾಧ್ಯಾಯರೂ ಬಲ್ಲರು.

ಇಲಿಯ ಮಾತು ಹಾಗಿರಲಿ, ನಮ್ಮ ಮೈಸೂರಿನದನ್ನೇ ನೋಡೋಣ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರ ರಕ್ತವನ್ನು ಪರೀಕ್ಷಿಸಿ, ಅವರ 536 ಮಕ್ಕಳನ್ನು 9-10ನೆಯ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿದರು. 2010ರಲ್ಲಿ ಫಲಿತಾಂಶವು ಪ್ರಕಟವಾಯಿತು. ಗರ್ಭಕಾಲದಲ್ಲಿ ತಾಯಿಯ ರಕ್ತದಲ್ಲಿ ಫೋಲೇಟ್ ಎಂಬ ಜೀವಸತ್ವ ಹೆಚ್ಚಿದ್ದಷ್ಟೂ ಮಗುವಿನ ಕಲಿಕೆ, ನೆನಪು, ಗಮನಗಳ ಅಂಕಗಳು ಸ್ವಲ್ಪ ಹೆಚ್ಚಾಗಿದ್ದವು. ತಂದೆತಾಯಿಗಳ ಓದು, ಸ್ಥಿತಿಗತಿಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ಅಂತರ ಉಳಿಯಿತು. ಮೀಥೈಲ್ ಗುಂಪು ದೇಹಕ್ಕೆ ಒದಗಲು ಫೋಲೇಟ್ ಬೇಕು. ಹಾಗೆಂದು ಅಂಕಗಳು ಹೆಚ್ಚಿದ್ದು ಆ ತೂಬುಗಳಿಂದಲೇ ಎಂದು ಈ ಅಧ್ಯಯನವು ಸಾಧಿಸಿಲ್ಲ. ನಾವೂ ಅವಸರದಿಂದ ಹಾಗೆನ್ನಲಾಗದು.

ಫೋಲೇಟ್ ದುಬಾರಿಯ ವಸ್ತುವಲ್ಲ. ಹಸಿರು ಸೊಪ್ಪಿನಲ್ಲಿ, ಕಾಳುಗಳಲ್ಲಿ ಅದುಂಟು; ಗರ್ಭಿಣಿಯರಿಗೆ ಸರ್ಕಾರವು ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿಯೂ ಉಂಟು. ಆದರೆ ಸೊಸೆಯು ಕಡೆಯಲ್ಲಿ ಉಣ್ಣುವ ಮನೆಯಲ್ಲಿ ಸೊಪ್ಪು, ಕಾಳು ಮುಗಿದಿರುತ್ತವೆ. ಇದು ತಾಯಿಯ ತಪ್ಪಲ್ಲ, ಮನೆಯ ತಪ್ಪು. ಗರ್ಭದ ಎಂಟನೆಯ ತಿಂಗಳಲ್ಲಿಯೇ ಶಿಶುವಿಗೆ ಲಿಂಗಧಾರಣೆ ಮಾಡಿಸುವ ಸಂಪ್ರದಾಯ ನಮ್ಮದು. ಪೂರ್ವಿಕರಿಗೆ ಈ ವಿಜ್ಞಾನ ಗೊತ್ತಿತ್ತೆಂದು ನಾವು ಹೇಳುವುದಿಲ್ಲ. ಹುಟ್ಟುವ ಮೊದಲೇ ಮಗುವನ್ನು ಮನ್ನಿಸಿದವರು ಅದನ್ನು ಹೊತ್ತವಳನ್ನು ಹಸಿದಿಡಬಾರದೆಂದಷ್ಟೇ ನಮ್ಮ ಮಾತು. ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದೆಂದ ಶರಣರ ಮಕ್ಕಳು "ವಂಶದಾಗೇ ಇಲ್ಲ" ಎನ್ನುವುದೂ ತರವಲ್ಲ.

ಆದುದರಿಂದ ಹಿರಿಯರಲ್ಲಿ ನಮ್ಮ ವಿಜ್ಞಾಪನೆ ಎರಡೇ. ಗರ್ಭಿಣಿಗೆ ಮೊದಲು ಬಡಿಸಿರಿ. ಹಿಂದುಳಿದ ಮಗುವನ್ನು ಹೀಯಾಳಿಸದೆ, ದಿನಕ್ಕೆ ಅರ್ಧ ಗಂಟೆಯಾದರೂ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಓದಿಸಿರಿ.